ದೊಡ್ಡ ಸೆಟ್ಟಿನಲ್ಲಿ ಶಿವನಂಜನ ಟೇಪು

"ನಿನ್ನ ಸೆಟ್ಟಿಗಿಷ್ಟು ಬೆಂಕಿ ಹಾಕ! ನಮ್ಮವ್ವನ್ನ ಎಣ್ಣೆ ಬಾಂಡ್ಲೀಲಿ ಕರ್ದಂಗೆ ಕೇಳ್ತದಲ್ಲೋ ಹೊನ್ನಪ್ಪ!"

ಕೂಗುತ್ತಿದ್ದವನು ಅಕ್ಕಿ ಗಿರಣಿಯ ಪಾಪಣ್ಣ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲು, ಬೀದಿಯಲ್ಲಿ ಒಂದು ಕಾಲು ಇಟ್ಟುಕೊಂಡು, ಹೋಗುವವರು ಬರುವವರೆಲ್ಲ ಕೇಳಲಿ ಎಂದೇ ಕೂಗುತ್ತಿದ್ದ.

"ಚರಚರ ಅಂತಿರೋದು ನಿಮ್ಮವ್ವ ಅಲ್ಲ ಕಣಯ್ಯ, ನಿಮ್ಮ ಟೇಪು," ನಾನೂ ಕೂಗಿದೆ. "ಮೂವತ್ತು ವರ್ಷದ ಟೇಪು. ಒಲೆ ಪಕ್ಕದ ಗೂಡಲ್ಲಿ ಇಟ್ಟಿದ್ದೆ ಅಂತ ನೀನೇ ಹೇಳ್ದಲ್ಲ."

"ಮನೇಲಿರೋ ಡಬ್ಬೀಲಿ ಹಿಂಗೆ ಕೇಳ್ತಿರ್ಲಿಲ್ಲ."

"ಡಬ್ಬಿಗೆ ಕಿವುಡು. ಅದಕ್ಕೇ ಕೇಳಿಸದ್ದು ನಿಂಗೆಲ್ಲಿಂದ ಕೇಳಿಸ್ತದೆ?"

"ಆ ಕಿವುಡೇ ವಾಸಿ ಕಣೋ. ನಮ್ಮವ್ವ ದಿನಾ ಬೆಳಿಗ್ಗೆ 'ಪಾಪ, ಹಾಲು ಕುಡ್ದೇನೋ' ಅಂತಿದ್ಲು, ನಾನು ಕೇಳ್ಕೊಂಡು ಗಿರಣಿಗೆ ಹೋಗ್ತಿದ್ದೆ. ಈಗ ಅವಳ ಹಿಂದೆ ಯಾವನೋ ಗೊರಕೆ ಹೊಡೀತಾನೆ!"

"ಅದು ನಿಮ್ಮಪ್ಪ."

ಬೀದಿಯಲ್ಲಿ ನಿಂತಿದ್ದವರು ನಕ್ಕರು. ಪಾಪಣ್ಣನ ಮುಖ ಕೆಂಪಾಯಿತು. "ಹಂಗಾದ್ರೆ ಒಂದು ಟ್ರೆಬಲ್ ನಾಬ್ ಆದ್ರೂ ಹಾಕ್ಕೊಡು. ಸ್ವಲ್ಪ ಕಮ್ಮಿ ಮಾಡ್ಕೊಂಡು ಕೇಳ್ತೀನಿ," ಎಂದ.

ನಾನು ಕಟ್ಟುವ ಸೆಟ್ಟಿನಲ್ಲಿ ಗುಂಯ್ ಸದ್ದು, ಚರಚರ ಸದ್ದು ಬೇರೆಬೇರೆ ಏರಿಸಿ ಇಳಿಸುವ ಬಾಸ್, ಟ್ರೆಬಲ್ ನಾಬುಗಳಿಲ್ಲ. ಬೇಕೆಂದೇ ಇಟ್ಟಿಲ್ಲ. ದನಿ ಹೆಚ್ಚು ಕಡಿಮೆ ಮಾಡಲು ಒಂದು, ಅಷ್ಟೇ. ಅವನು ನಾಬ್ ಕೇಳಿದ್ದಕ್ಕೆ ನನಗೆ ಮೈ ಉರಿಯಿತು. ಎದ್ದು ನಿಂತು, "ನನ್ನ ಸೆಟ್ಟು ಸುಳ್ಳು ಹೇಳಲ್ಲ ಪಾಪಣ್ಣ. ಟೇಪಲ್ಲಿ ಏನೈತೋ ಅದನ್ನ ಹೇಳ್ತದೆ. ಸತ್ಯ ಕೇಳೋ ತಾಕತ್ತಿಲ್ದಿದ್ರೆ ಹೋಗಿ ಡಬ್ಬೀನೇ ತಬ್ಕೊಂಡು ಕೂತ್ಕೊ," ಎಂದೆ.

ಅವನು ನನ್ನನ್ನೂ ನನ್ನ ವಂಶವನ್ನೂ ಬೈದುಕೊಂಡು ಹೋದ. ಜನ ಚದುರಿದರು. ಒಬ್ಬಳು ಮಾತ್ರ ನಿಂತೇ ಇದ್ದಳು. ಇಂದ್ರಾಣಿ, ನನ್ನ ಸತ್ತ ತಮ್ಮ ಶಿವನಂಜನ ಹೆಂಡತಿ. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡಿ ಮುಗಿಸಿ ಮನೆಗೆ ಹೊರಟಿದ್ದವಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಇಡೀ ಜಗಳವನ್ನು ಕೇಳಿದ್ದಳು.

"ಬಾವ," ಎಂದಳು, "ಈಗ ಅಂದ್ರಲ್ಲ, ಅದು ದಿಟವಾ?"

"ಯಾವ್ದು?"

"ಟೇಪಲ್ಲಿ ಇರೋದನ್ನೆಲ್ಲ ಹೇಳ್ತದೆ ಅಂತ."

"ದಿಟ ಅಲ್ದೆ ಇನ್ನೇನು."

"ಹಂಗಾದ್ರೆ ಅವರ ಟೇಪು ತರ್ತೀನಿ. ಇವತ್ತು ಹಾಕ್ಲೇಬೇಕು."

ಒಂದು ವರ್ಷದಿಂದ ಅವಳು ಇದನ್ನೇ ಕೇಳುತ್ತಿದ್ದಳು. ಟೇಪು ಹಳೆಯದು, ಹರಿದುಹೋದೀತು ಎನ್ನುತ್ತಿದ್ದೆ ನಾನು. ಅಥವಾ ಸೆಟ್ಟಿನ ವಾಲ್ವು ಬಿಸಿಯಾಗಿಲ್ಲ, ಕರೆಂಟು ಸರಿಯಿಲ್ಲ, ನಾಳೆ ಬಾ. ಅವತ್ತು ಬೀದಿಗೆಲ್ಲ ಕೇಳುವಂತೆ ಅಷ್ಟು ದೊಡ್ಡ ಮಾತಾಡಿದ ಮೇಲೆ ಬೇರೆ ನೆಪ ಬಾಯಿಗೆ ಬರಲಿಲ್ಲ. "ತಾ," ಎಂದೆ. ಅವಳು ಹೋಗಿ ಬರುವಷ್ಟರಲ್ಲಿ ಕರೆಂಟು ಹೋಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಹೋಗಲಿಲ್ಲ.

ನಮ್ಮ ಊರಿನಲ್ಲಿ ಸತ್ತವರ ದನಿ ಹನ್ನೊಂದನೆಯ ದಿನ ಹೋಗುತ್ತದೆ. ಮುಖ ಉಳಿಯುತ್ತದೆ, ನಡಿಗೆ ಉಳಿಯುತ್ತದೆ, ಆಡಿದ ಮಾತುಗಳೂ ಉಳಿಯುತ್ತವೆ. ದನಿ ಮಾತ್ರ ಯಾರ ಕಿವಿಯಲ್ಲೂ ಇರುವುದಿಲ್ಲ. ಟೇಪು ಹಾಕಿದರೆ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಹೋಗುತ್ತದೆ. ಹಾಗಾಗಿ ಎಲ್ಲರ ಮನೆಯಲ್ಲೂ ದಿನಾ ಬೆಳಿಗ್ಗೆ ಟೇಪು ಹಾಕುತ್ತಾರೆ. ಆರರಿಂದ ಎಂಟರವರೆಗೆ ನಮ್ಮ ಬೀದಿಗಳಲ್ಲಿ ಬದುಕಿರುವವರ ಮಾತು ಕಡಿಮೆ. ಶಾಲೆಯ ಗಂಟೆ ಹತ್ತಕ್ಕೆ ಮುಂಚೆ ಹೊಡೆಯುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಟೇಪು ಎಷ್ಟಿವೆ ಎಂದು ಮೊದಲೇ ವಿಚಾರಿಸುತ್ತಾರೆ. ಆರಕ್ಕಿಂತ ಹೆಚ್ಚಿದ್ದರೆ ಮಗಳಿಗೆ ಬೆಳಗಿನ ತಿಂಡಿ ಹತ್ತು ಗಂಟೆಗೇ ಸರಿ. ಕಳ್ಳರು ಕೂಡ ಡಬ್ಬಿ ಕದ್ದರೆ ಒಳಗಿನ ಟೇಪನ್ನು ತೆಗೆದು ಹೊಸ್ತಿಲ ಮೇಲೆ ಇಟ್ಟು ಹೋಗುತ್ತಾರೆ. ಟೇಪನ್ನು ಕಾಪಿ ಮಾಡಲು ಬರುವುದಿಲ್ಲ. ಮಾಡಿದರೆ ಮಾತು ಬರುತ್ತದೆ, ದನಿ ಬೇರೆ ಯಾರದೋ ಇರುತ್ತದೆ. ಮೊಬೈಲಿನಲ್ಲಿ ಹಿಡಿದರೂ ಅಷ್ಟೇ. ಒಬ್ಬರಿಗೆ ಒಂದೇ ಟೇಪು.

ಡಬ್ಬಿ ಎಂದರೆ ಎಲ್ಲರ ಮನೆಯ ಗೂಡಿನಲ್ಲೂ ಇರುವ ಸಣ್ಣ ಟೇಪ್ ರೆಕಾರ್ಡರು. ಅದರ ಸ್ಪೀಕರು ಅಂಗೈ ಅಗಲ. ಮೇಲಿನ ಸಣ್ಣ ಸದ್ದು ಅದರಲ್ಲಿ ಬರುವುದಿಲ್ಲ, ಕೆಳಗಿನ ಗುಂಯ್ ಸದ್ದೂ ಬರುವುದಿಲ್ಲ. ನಡುವಿನ ಮಾತು ಮಾತ್ರ ಬರುತ್ತದೆ. ಅದಕ್ಕೇ ಎಂಥ ಕೆಟ್ಟ ಟೇಪಾದರೂ ಡಬ್ಬಿಯಲ್ಲಿ ಕೇಳುವ ಹಾಗಿರುತ್ತದೆ.

ದನಿ ಹಿಡಿಯುವುದು ನಮ್ಮ ಮನೆಯ ಕಸುಬು. ನಮ್ಮಪ್ಪ ಹಿಡಿಯುತ್ತಿದ್ದ, ಏಳನೇ ಕ್ಲಾಸು ಮುಗಿಸಿದ ಮೇಲೆ ನಾನು ಹಿಡಿದೆ. ವಯಸ್ಸಾದವರು, ಕಾಯಿಲೆ ಬಿದ್ದವರು, ಲಾರಿ ಓಡಿಸುವವರು ಕರೆಸುತ್ತಿದ್ದರು. ಮೈಕು ಇಟ್ಟು, ರೆಕಾರ್ಡ್ ಬಟನ್ನು ಒತ್ತಿ, ಹೆಬ್ಬೆರಳನ್ನು ಟೇಪನ್ನು ಅಲ್ಲಲ್ಲೇ ತಡೆಯುವ ಪಾಜ್ ಬಟನ್ನಿನ ಮೇಲೆ ಇಟ್ಟುಕೊಂಡು ಕೂರಬೇಕು. ಅಪ್ಪ ಕಲಿಸಿದ ಮೊದಲ ಪಾಠವೇ ಹೆಬ್ಬೆರಳಿನದು. ಟೇಪಿನಲ್ಲಿ ಕೆಮ್ಮು ಇರಬಾರದು, ಅಳು ಇರಬಾರದು, ನರಳಾಟ ಇರಬಾರದು. ಬೆಳಿಗ್ಗೆ ಕೇಳಿದ್ದು ಸಂಜೆಯ ತನಕ ಕಿವಿಯಲ್ಲಿ ಇರುತ್ತದಲ್ಲ, ದಿನವೆಲ್ಲಾ ಕೆಮ್ಮು ಹೊತ್ತುಕೊಂಡು ಯಾರು ತಿರುಗುತ್ತಾರೆ? ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಮುಂದೆ ಕೆಮ್ಮು ಬರುತ್ತದೆ ಎಂದು ಗೊತ್ತಾಗಬೇಕು, ಅಷ್ಟರಲ್ಲಿ ಹೆಬ್ಬೆರಳು ಒತ್ತಬೇಕು. ಈ ಕೆಲಸದಲ್ಲಿ ನನಗಿಂತ ಚುರುಕಿನವನು ಯಾರೂ ಇರಲಿಲ್ಲ. ನಾನು ಹಿಡಿದ ಟೇಪುಗಳಲ್ಲಿ ಸಾಯುವ ಮನುಷ್ಯರು ಮದುವೆ ಮನೆಯಲ್ಲಿ ಕೂತವರ ಹಾಗೆ ಮಾತಾಡುತ್ತಾರೆ.

ಆಮೇಲೆ ನನಗೆ ಸೆಟ್ಟಿನ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ಅಪ್ಪನ ಟೇಪು. ಅದನ್ನು ಅವನು ತಾನೇ, ಬಾಗಿಲು ಕಿಟಕಿ ಮುಚ್ಚಿ, ಹೊಸ ಮೈಕಿನಲ್ಲಿ ಹಿಡಿದುಕೊಂಡಿದ್ದ. ಒಮ್ಮೆ ರಿಪೇರಿಗೆ ಬಂದಿದ್ದ ದೊಡ್ಡ ವಾಲ್ವ್ ಆಂಪ್ಲಿಫೈಯರಿಗೆ ಜೋಡಿಸಿ ಕೇಳಿದೆ. ಅಪ್ಪ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ್ದು ಕೇಳಿಸಿತು. ಅಂಗಿಯ ಗುಂಡಿ ಮೇಜಿಗೆ ತಾಗಿದ್ದು ಕೇಳಿಸಿತು. ನಾನು ಎದ್ದು ನಿಂತುಬಿಟ್ಟೆ. ಅವತ್ತಿನಿಂದ ಏಳು ವರ್ಷ ನನ್ನ ಸೆಟ್ಟು ಕಟ್ಟಿದೆ. ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಕೈಯಲ್ಲೇ ಸುತ್ತಿದೆ. ಹಲಸಿನ ಮರದ ಹಲಗೆಯಲ್ಲಿ ಆಳೆತ್ತರದ ಎರಡು ಸ್ಪೀಕರು ಪೆಟ್ಟಿಗೆ ಮಾಡಿಸಿ, ನಾಲ್ಕು ಸಲ ಒಡೆದು ಮತ್ತೆ ಮಾಡಿಸಿದೆ. ಊರವರು ದೊಡ್ಡ ಸೆಟ್ಟು ಎಂದು ಹೆಸರಿಟ್ಟರು. ಒಳ್ಳೆಯ ಟೇಪು ಹಾಕಿದರೆ ಸತ್ತವರು ಎದುರು ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಸ್ವಲ್ಪ ಸುಮಾರಾದ ಟೇಪಾದರೂ ಪರವಾಗಿಲ್ಲ, ಚರಚರ ಸದ್ದು ಒಂದು ಕಡೆ ನಿಂತು ದನಿ ಇನ್ನೊಂದು ಕಡೆ ನಿಲ್ಲುತ್ತದೆ. ಹತ್ತು ನಿಮಿಷ ತಾಳ್ಮೆಯಿಂದ ಕೂತರೆ ಕಿವಿ ಚರಚರವನ್ನು ತಾನೇ ಬಿಡುತ್ತದೆ. ಆದರೆ ಕೆಟ್ಟದಾಗಿ ಹಿಡಿದ ಟೇಪನ್ನು ಅದು ಕಾಪಾಡುವುದಿಲ್ಲ. ಹಿಡಿದವನು ಏನೇನು ತಪ್ಪು ಮಾಡಿದನೋ ಅಷ್ಟನ್ನೂ ದೀಪ ಹಿಡಿದು ತೋರಿಸುತ್ತದೆ. ಊರಿನ ಮುಕ್ಕಾಲು ಟೇಪುಗಳನ್ನು ಹಿಡಿದವನು ನಾನೇ ಎಂಬುದನ್ನು ನಾನು ಆಗ ಯೋಚಿಸಲಿಲ್ಲ.

ಶಿವನಂಜ ಕಲ್ಲು ಪಾಲಿಷ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೂವತ್ತೆಂಟಕ್ಕೆ ಅವನ ಎದೆಯ ತುಂಬಾ ಕಲ್ಲಿನ ಪುಡಿ ಕೂತಿತ್ತು. ಸಾಯುವುದಕ್ಕೆ ನಾಲ್ಕು ದಿನ ಮುಂಚೆ ಅವನ ದನಿಯನ್ನು ನಾನೇ ಹಿಡಿದೆ. ಅವತ್ತು ಇಂದ್ರಾಣಿಯನ್ನು ಔಷಧಿ ತರಲು ಕಳಿಸಿದ್ದೆವು. ಟೇಪು ಇಪ್ಪತ್ತೆರಡು ನಿಮಿಷ ಇದೆ. ಅವ್ವ ಮಾಡುತ್ತಿದ್ದ ಹುರುಳಿಕಾಳಿನ ಸಾರಿನ ಮಾತು ಇದೆ. ನಾವಿಬ್ಬರೂ ಈಜು ಕಲಿತ ಕಟ್ಟೆಯ ಮಾತು ಇದೆ. ಜೊತೆಗೆ ಕೆಲಸ ಮಾಡುವ ಐದು ಜನರ ಹೆಸರಿದೆ, ನನ್ನ ಹೆಸರು ಮೂರು ಸಲ ಇದೆ, ಅಂಗಡಿ ಮುಂದೆ ಮಲಗುತ್ತಿದ್ದ ಕಂದು ನಾಯಿಯ ಹೆಸರೂ ಇದೆ. ಹೆಂಡತಿಯ ಹೆಸರಿಲ್ಲ.

ಬೆಳಿಗ್ಗೆ ಕಿಟಕಿ ತೆರೆದಿರುವ ಊರು ಇದು. ಯಾರ ಟೇಪಿನಲ್ಲಿ ಏನಿದೆ ಎಂದು ಬೀದಿಗೆಲ್ಲ ಬಾಯಿಪಾಠ. ನಲ್ಲಿಯ ಹತ್ತಿರ ಹೆಂಗಸರು ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದರು: "ನಾಯೀನ ನೆನೆಸ್ಕೊಂಡವ್ನೆ ಪುಣ್ಯಾತ್ಮ, ಕಟ್ಕೊಂಡೋಳ ನೆನಪಿಲ್ಲ." ಮಕ್ಕಳಿಲ್ಲದವಳು, ಹನ್ನೊಂದು ವರ್ಷ ಬಾಳಿದವಳು. ಮೊದಮೊದಲು ಅವಳ ಮನೆಯಿಂದ ಶಿವನಂಜನ ದನಿ ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ವರ್ಷದಿಂದ ವರ್ಷಕ್ಕೆ ಅವಳು ಸಣ್ಣಗೆ ಮಾಡುತ್ತಾ ಬಂದಳು. ಕೊನೆಕೊನೆಗೆ ಕಿಟಕಿ ಮುಚ್ಚಿ ಹಾಕಿಕೊಳ್ಳುತ್ತಿದ್ದಳು.

ದನಿ ಹೋದ ಮಾರನೆಯ ದಿನ, ಮೊದಲ ಸಲ ಟೇಪು ಕೇಳಿ, ನನ್ನ ಹತ್ತಿರ ಬಂದಿದ್ದಳು. "ಬಾವ, ನನ್ನ ವಿಷ್ಯ ಏನಾರ ಅಂದಿದ್ರಾ?" ಎಂದು ಕೇಳಿದ್ದಳು. "ಟೇಪಲ್ಲಿ ಇರೋದೇ ಅಂದಿದ್ದು," ಎಂದಿದ್ದೆ. ಅಷ್ಟೇ ಅಂದಿದ್ದೆ. ತಮ್ಮ ಸತ್ತ ಸಂಕಟ, ಮನೆ ತುಂಬಾ ನೆಂಟರು, ತಲೆ ಕೆಟ್ಟಿತ್ತು, ಹೀಗೆಲ್ಲ ಈಗ ಹೇಳಿಕೊಳ್ಳಬಹುದು. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಒಂಬತ್ತು ವರ್ಷ ಹಬ್ಬಕ್ಕೆ ಹುಣ್ಣಿಮೆಗೆ ನನ್ನ ಮನೆಗೆ ಒಬ್ಬಟ್ಟು, ಪಾಯಸ ತಂದುಕೊಟ್ಟಳು. ನನ್ನ ಹೆಂಡತಿಯ ಕಾಲು ಮುರಿದಾಗ ಮೂರು ತಿಂಗಳು ನಮ್ಮ ಮನೆಯ ಅಡುಗೆಯನ್ನೂ ಮಾಡಿದಳು.

ಅವಳು ಟೇಪು ತಂದಳು. ಸೀರೆಯ ಚೂರಿನಲ್ಲಿ ಸುತ್ತಿಟ್ಟಿದ್ದಳು. ಮೂರು ಗಂಟೆ ಹೊಡೆದಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡ ಸೆಟ್ಟು, ಎದುರಿಗೆ ಎರಡು ಕುರ್ಚಿ. ಅವಳು ಕುರ್ಚಿಯ ತುದಿಯಲ್ಲಿ ಕೂತಳು.

"ಹಿಂದೆ ಒರಗ್ಕೊಂಡು ಕೂತ್ಕೊ," ಎಂದೆ. "ಎರಡು ಸ್ಪೀಕರಿಗೂ ಸಮ ಇರ್ಬೇಕು."

"ಹಿಂಗೇ ಇರ್ಲಿ ಬಾವ."

ಟೇಪು ಓಡಿಸುವ ಯಂತ್ರದಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಟೇಪಿಗೆ ತಾಗುವ ಹೆಡ್ಡನ್ನು ಅದು ನೆಟ್ಟಗೆ ನಿಲ್ಲಿಸುತ್ತದೆ. ಕಾಲು ಸುತ್ತು ತಪ್ಪಿದರೆ ಸಾಕು, ದನಿಗೆ ಕಂಬಳಿ ಹೊದಿಸಿದಂತಾಗಿ ಸಣ್ಣ ಸದ್ದುಗಳೆಲ್ಲ ಮುಚ್ಚಿಹೋಗುತ್ತವೆ. ಅವತ್ತು ನಾನು ಹಾಗೆ ಮಾಡಬಹುದಿತ್ತು. ಸ್ಕ್ರೂಡ್ರೈವರು ಕೈಯಲ್ಲೇ ಇತ್ತು. ಅವಳಿಗೆ ಏನೂ ತಿಳಿಯುತ್ತಿರಲಿಲ್ಲ, ಡಬ್ಬಿಯಲ್ಲಿ ಕೇಳಿದಷ್ಟನ್ನೇ ಕೇಳಿ ಮನೆಗೆ ಹೋಗುತ್ತಿದ್ದಳು. ಆದರೆ ತಮ್ಮನ ದನಿ ಬಂದ ಕೂಡಲೇ ನನ್ನ ಕೈ ತನ್ನ ಚಾಳಿಯಂತೆ ಸ್ಕ್ರೂ ತಿರುಗಿಸುತ್ತಾ ಹೋಯಿತು. ದನಿ ತೊಳೆದಂತೆ ಆಗುವ ತನಕ ತಿರುಗಿಸಿದೆ. ಹೆಮ್ಮೆ ಅಂದರೆ ಹೀಗಿರುತ್ತದೆ. ಮುಂದೇನು ಬರುತ್ತದೆ ಎಂದು ಗೊತ್ತಿದ್ದೂ ಕೆಲಸ ಚೆನ್ನಾಗಿ ಆಗಲಿ ಎನ್ನುತ್ತದೆ.

ಶಿವನಂಜ ಬಂದು ಕೂತ. ಅದಕ್ಕೆ ಬೇರೆ ಮಾತು ಇಲ್ಲ. ಅವನ ತುಟಿ ಒಣಗಿದ್ದು, ಮಾತಿಗೆ ಮುಂಚೆ ನಾಲಿಗೆಯಲ್ಲಿ ತುಟಿ ಸವರಿದ್ದು, ಮಂಚದ ಹಗ್ಗ ಕಿರುಗುಟ್ಟಿದ್ದು ಎಲ್ಲ ಬಂತು. ಟೇಪಿನೊಳಗೆ ಅವನ ಮಂಚದ ಮೇಲಿನ ಫ್ಯಾನು ಟಕಟಕ ಎನ್ನುತ್ತಿತ್ತು, ಕಿಟಕಿಯಾಚೆ ಕಾಗೆ ಕೂಗುತ್ತಿತ್ತು. ಇಂದ್ರಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. "ಇಷ್ಟು ಹತ್ರ," ಎಂದಳು. ಹುರುಳಿ ಸಾರಿನ ಮಾತು ಬಂದಾಗ ನಕ್ಕಳು ಕೂಡ. ನಾನು ಕುರ್ಚಿಗೆ ಒರಗಿದೆ. ಇಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡೆ.

ಆರನೆಯ ನಿಮಿಷದಲ್ಲಿ ಅವಳು ಕೈ ಎತ್ತಿದಳು.

"ಇದೇನು ಬಾವ?"

"ಏನು?"

"ಟಕ್ ಅಂತು. ಫ್ಯಾನು ನೆಗೆದಂಗಾಯ್ತು. ಕಾಗೆ ಅರ್ಧಕ್ಕೇ ನಿಂತೋಯ್ತು."

ಅಡುಗೆ ಮಾಡುವವಳ ಕಿವಿ. ಮುಚ್ಚಿದ ಪಾತ್ರೆಯೊಳಗೆ ಬೇಳೆ ಬೆಂದಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವವಳು. "ಟೇಪು ಹಳೇದು," ಎಂದೆ.

"ಹಿಂದಕ್ಕೆ ಹಾಕಿ."

"ಸುಮ್ಮನೆ ಕೇಳು ಇಂದ್ರಾಣಿ. ಹಿಂದಕ್ಕೂ ಮುಂದಕ್ಕೂ ಎಳೆದಾಡಿದ್ರೆ ಹರಿದೋಗ್ತದೆ."

"ಹರಿದ್ರೆ ನಂದಲ್ವಾ ಹರಿಯೋದು? ಹಾಕಿ ಬಾವ."

ಹಾಕಿದೆ. ಶಿವನಂಜ ಕಟ್ಟೆಯ ಮಾತು ಮುಗಿಸಿದ. ಒಂದು ಉಸಿರು ಎಳೆದುಕೊಂಡ. ನನ್ನ ಹೆಬ್ಬೆರಳಿಗೆ ಗೊತ್ತಿದ್ದ ಉಸಿರು ಅದು. ಆಮೇಲೆ, ಕೂದಲೆಳೆಯಷ್ಟು ಸಣ್ಣಗೆ, "ಇಂ" ಎಂದ. ಟಕ್. ಫ್ಯಾನು ನೆಗೆಯಿತು. ಜೊತೆ ಕೆಲಸದವರ ಮಾತು ಶುರುವಾಯಿತು.

ಅವಳು ಈಗ ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ನಾನು ಹೇಳಿದ್ದಂತೆ ಎರಡು ಸ್ಪೀಕರಿಗೂ ಸಮನಾಗಿ ಕೂತಳು. ಬೆರಳು ಮಡಿಚಿದಳು. ಹನ್ನೊಂದನೆಯ ನಿಮಿಷದಲ್ಲಿ ಇನ್ನೊಂದು ಬೆರಳು. ಹದಿಮೂರರಲ್ಲಿ ಇನ್ನೊಂದು. ಪ್ರತಿ ಸಲವೂ ಅದೇ ಉಸಿರು, ಅದೇ "ಇಂ", ಅದೇ ಟಕ್. ಹದಿನೆಂಟರಲ್ಲಿ ನಾಲ್ಕನೆಯದು. ಕೊನೆಯದು ಇಪ್ಪತ್ತೊಂದನೆಯ ನಿಮಿಷದಲ್ಲಿ. ಅಲ್ಲಿ ನನ್ನ ಹೆಬ್ಬೆರಳು ಸ್ವಲ್ಪ ತಡವಾಗಿತ್ತು. ಅವನು "ಇಂ" ಎಂದ, ಕೆಮ್ಮು ಶುರುವಾಯಿತು, ಅದರ ಹಿಂದೆ, ದೂರದಿಂದ, ಇನ್ನೊಬ್ಬನ ದನಿ ಬಂತು: "ಸಾಕು ಬುಡೋ, ಕೆಮ್ಮಿ ಕೆಮ್ಮಿ ಟೇಪು ಹಾಳು ಮಾಡ್ಬೇಡ."

ಆ ದನಿ ನನ್ನದು. ಡಬ್ಬಿಯಲ್ಲಿ ಒಂಬತ್ತು ವರ್ಷವೂ ಅದು ಬರೀ ಒಂದು ಗೊರಗೊರ ಆಗಿತ್ತು. ನನ್ನ ಸೆಟ್ಟು ಅದನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿತು.

ಟೇಪು ಮುಗಿಯಿತು. ನಾನು ಬಟನ್ನು ಒತ್ತಲು ಎದ್ದೆ.

"ಐದು," ಎಂದಳು ಇಂದ್ರಾಣಿ. ಬೆರಳು ಮಡಿಚಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದಳು. "ಐದು ಸಲ ಕರೆದವ್ರೆ."

"ಕೆಮ್ಮು ಬರ್ತಿತ್ತು ಕಣಮ್ಮ. ಪ್ರತಿ ಸಲ ಬಾಯಿ ತೆಗೆದಾಗ್ಲೂ ಕೆಮ್ಮು. ಅಳು ಬೇರೆ."

"ಬೇರೆ ಮಾತಿಗೆ ಕೆಮ್ಮು ಬರ್ಲಿಲ್ವಾ? ನಾಯಿ ಹೆಸರಿಗೆ ಬರ್ಲಿಲ್ವಾ?"

ಬರಲಿಲ್ಲ. ಅದು ನನಗೆ ಅವತ್ತೇ ಕಂಡಿತ್ತು. ನಾಯಿಯ ಹೆಸರು ಸಲೀಸಾಗಿ ಹೇಳುತ್ತಿದ್ದ, ಕಟ್ಟೆಯ ಮಾತು ಸಲೀಸಾಗಿ ಹೇಳುತ್ತಿದ್ದ, ಅವಳ ಮಾತು ತೆಗೆಯಲು ಹೋದಾಗ ಮಾತ್ರ ಗಂಟಲು ಕಟ್ಟಿ, ಉಸಿರು ಸಿಕ್ಕಿಕೊಂಡು, ಕೆಮ್ಮಿನ ಮೇಲೆ ಕೆಮ್ಮು ಬರುತ್ತಿತ್ತು. ನಾನು ಬೈಯುತ್ತಿದ್ದೆ. ನೀರು ಕುಡಿಸಿ, ಬೆನ್ನು ಸವರಿ, ಬೇರೆ ಏನಾದರೂ ಹೇಳು ಎನ್ನುತ್ತಿದ್ದೆ. ತಮ್ಮನ ಟೇಪು ಊರಿನಲ್ಲೇ ಚೊಕ್ಕವಾದ ಟೇಪು ಆಗಬೇಕು ಎಂದಿತ್ತು ನನಗೆ.

"ಊರಲ್ಲಿ ಯಾರ ಟೇಪಲ್ಲಿ ಕೆಮ್ಮೈತೆ ಹೇಳು ನೋಡೋಣ," ಎಂದೆ. ನನ್ನ ದನಿ ಏರಿತ್ತು. ತಪ್ಪು ನನ್ನದಿದ್ದಾಗಲೇ ನನ್ನ ದನಿ ಏರುವುದು. "ಕೆಮ್ಮು ಕತ್ತರಿಸೋದು ನಮ್ಮ ಕೆಲ್ಸ. ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿರೋದು. ನಿಂಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು. ದಿನಾ ಬೆಳಿಗ್ಗೆ ಎದ್ದು ಆ ಗೊರಗೊರ ಕೇಳ್ತಿದ್ದೆಯಾ?"

"ಹನ್ನೊಂದು ವರ್ಷ ಆ ಗೊರಗೊರದ ಪಕ್ಕದಲ್ಲೇ ಮಲಗಿದ್ದೋಳು ನಾನು ಬಾವ. ನಂಗೆ ಅದು ಬ್ಯಾಡ ಅಂತ ನಿಮಗ್ಯಾರು ಹೇಳಿದ್ರು?"

ನಾನು ತಿರುಗಿ ಯಂತ್ರದ ಬಟನ್ನು ಒತ್ತಿದೆ.

"ನಾನು ಬಂದು ಕೇಳಿದ್ದೆ," ಎಂದಳು. ಅವಳ ದನಿ ಒಂದಿಷ್ಟೂ ಏರಿರಲಿಲ್ಲ. "ಹನ್ನೆರಡನೇ ದಿನ. ಇದೇ ಅಂಗಡಿ. ನೀವು ಸ್ಟೂಲಿನ ಮೇಲೆ ಕೂತಿದ್ರಿ. ಏನಾರ ಅಂದಿದ್ರಾ ಅಂತ ಕೇಳಿದ್ದೆ."

"ನೆನಪಿದೆ."

"ಕರೆದಿದ್ದ, ಕೆಮ್ಮು ಬಂತು, ಕತ್ತರಿಸ್ದೆ ಅಂತ ಒಂದು ಮಾತು. ಅಷ್ಟು ಹೇಳಿದ್ರೆ ನಿಮ್ಮ ಗಂಟು ಏನು ಹೋಗ್ತಿತ್ತು? ಟೇಪಲ್ಲಿ ಇಲ್ದಿದ್ರೂ ನಾನು ತಲೆಯೊಳಗೆ ಇಟ್ಕೊಂಡು ಬಾಳ್ತಿದ್ದೆ. ನಲ್ಲಿ ಹತ್ರ ಅವ್ರೆಲ್ಲ ಏನಂತಿದ್ರು ಅಂತ ನಿಮಗೂ ಗೊತ್ತಿತ್ತು."

ಗೊತ್ತಿತ್ತು. ಹೇಳದೆ ಇದ್ದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನಾನು ಹಿಡಿದ ಟೇಪಿನಲ್ಲಿ ಬೇಕಾದದ್ದು ಬಿಟ್ಟುಹೋಗಿದೆ ಎಂದು ಬಾಯಿ ಬಿಟ್ಟು ಹೇಳಲು ನನಗೆ ಆಗಲಿಲ್ಲ. ಮೊದಲ ದಿನ ಹೇಳಲಿಲ್ಲ, ಎರಡನೆಯ ದಿನ ಮೊದಲ ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದು ಹೇಳಲಿಲ್ಲ. ಹೀಗೇ ಒಂಬತ್ತು ವರ್ಷ ಆಯಿತು. ಪಾಪಣ್ಣನಂಥವರಿಗೆ ಸತ್ಯದ ಪಾಠ ಮಾಡುವ ಬಾಯಿ ಇದೇ.

ಅವಳು ಎದ್ದು ನನ್ನ ಎದುರಿಗೆ ಬಂದು ನಿಂತಳು. "ಆಯ್ತು. ಈಗ ಹೇಳಿ. ಹೆಂಗೆ ಕರೆದ್ರು?"

"ಹೆಂಗೆ ಅಂದ್ರೆ?"

"ಜನದ ಮುಂದೆ ನನ್ನ ಏ ಇವ್ಳೆ ಅಂತಿದ್ರು. ಸಿಟ್ಟು ಬಂದ್ರೆ ಇಂದ್ರಾಣಿ ಅಂತ ಪೂರ್ತಿ ಹೆಸರು. ಒಲೆ ಮುಂದೆ ನಾವಿಬ್ರೇ ಕೂತಿದ್ರೆ ಇಂದೂ ಅಂತಿದ್ರು. ಟೇಪಲ್ಲಿ ಇಂ ತನಕ ಐತೆ. ಎರಡರಲ್ಲಿ ಯಾವ್ದು?"

ಅವಳಿಗೆ ಬೇಕಾಗಿದ್ದು ಅಷ್ಟು. ಸಾಯುವ ಮನುಷ್ಯ ಸಿಟ್ಟಿನಲ್ಲಿ ಕರೆದನೋ ಪ್ರೀತಿಯಲ್ಲಿ ಕರೆದನೋ. ಶಿವನಂಜನ ದನಿ ಆಗ ನನ್ನ ಕಿವಿಯಲ್ಲಿ ಬಿಸಿಬಿಸಿಯಾಗಿತ್ತು. ಕಣ್ಣು ಮುಚ್ಚಿ ಆ ಮಧ್ಯಾಹ್ನವನ್ನು ಎಳೆದು ತಂದೆ. ಮಂಚ, ನೀರಿನ ಲೋಟ, ಅವನ ಕೊರಳಿನ ನರ, ನನ್ನ ಹೆಬ್ಬೆರಳು. ಕೆಮ್ಮು ಬಂತು. ಐದು ಸಲವೂ ಬರೀ ಕೆಮ್ಮು ಬಂತು.

ಇಂದೂ ಅಂತಲೇ ಕರೆದ ಎಂದು ನಾನು ಹೇಳಬಹುದಿತ್ತು. ಯಾರು ನನ್ನನ್ನು ಹಿಡಿದು ಕೇಳುತ್ತಿದ್ದರು? ಅವಳ ಮುಖ ನೋಡಿದರೆ ಯಾವನಾದರೂ ಹಾಗೆ ಹೇಳುತ್ತಿದ್ದ. ಬಹುಶಃ ಅದೇ ದಿಟವೂ ಆಗಿತ್ತು. ಗಂಟಲು ಕಟ್ಟುವಂತೆ ಯಾರಾದರೂ ಸಿಟ್ಟಿನಲ್ಲಿ ಕರೆಯುತ್ತಾರೆಯೇ? ಈ ಬುದ್ಧಿ ನನಗೆ ಈಗ ಬಂದಿದೆ. ಆಗ ಬಂದದ್ದು ಸಿಟ್ಟು. ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳು.

"ನಂಗೇನು ಗೊತ್ತು!" ಎಂದು ಕೂಗಿದೆ. "ಕೆಮ್ಮು ಯಾವಾಗ ಬರ್ತದೆ ಅಂತ ನೋಡ್ಕೊಂಡು ಕೂತಿದ್ದೆ ನಾನು. ಯಾವ ಹೆಸರು ಅಂದ ಅಂತ ಯಾವನು ಕೇಳಿಸ್ಕೊಂಡ? ಒಂಬತ್ತು ವರ್ಷ ಆದ್ಮೇಲೆ ಬಂದು ಪೊಲೀಸಿನವರ ತರ ಕೇಳಿದ್ರೆ ಎಲ್ಲಿಂದ ತರ್ಲಿ?"

ಅವಳು ನನ್ನ ಮುಖವನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮಡಿಚಿದ್ದ ಬೆರಳುಗಳನ್ನು ಬಿಡಿಸಿ, ಸೀರೆಯ ಚೂರನ್ನು ಕುರ್ಚಿಯ ಮೇಲಿಂದ ತೆಗೆದುಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಡಿಯ ಒಳಗಿಂದ ನಡೆದು ಹೊರಗೆ ಹೋದಳು.

ಟೇಪು ಯಂತ್ರದಲ್ಲೇ ಇತ್ತು.

"ಇಂದ್ರಾಣಿ, ಟೇಪು!" ಎಂದು ಕೂಗಿದೆ. ಅವಳು ಮೆಟ್ಟಿಲು ಇಳಿದಳು. "ಏ, ಟೇಪು ಬಿಟ್ಟು ಹೋಗ್ತಿದ್ದೀಯ ಕಣೇ, ನಾಳೆ ಬೆಳಿಗ್ಗೆ ಏನು ಹಾಕ್ತೀಯ?" ಪಕ್ಕದ ದರ್ಜಿ ತಲೆ ಎತ್ತಿ ನೋಡಿದ. ನನ್ನ ಕಾಲು ಹೊಸ್ತಿಲಿನ ತನಕ ಹೋಯಿತು, ಅದರ ಆಚೆ ಹೋಗಲಿಲ್ಲ. ಬೀದಿಯಲ್ಲಿ ಹೆಂಗಸಿನ ಹಿಂದೆ ಟೇಪು ಹಿಡಿದುಕೊಂಡು ಓಡುವುದೇ, ನಾಲ್ಕು ಜನ ನೋಡುತ್ತಾರೆ, ಎರಡು ಗಂಟೆ ಹೋದರೆ ತಾನೇ ಬರುತ್ತಾಳೆ ಎಂದುಕೊಂಡೆ. ಈ ಊರಿನಲ್ಲಿ ಯಾರೂ ಟೇಪು ಬಿಟ್ಟು ಇರುವುದಿಲ್ಲ. ಬೆಂಕಿ ಬಿದ್ದಾಗ ಜನ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ.

ಅವಳ ಮನೆಯ ಕಡೆಗೆ ಎಡಕ್ಕೆ ತಿರುಗಬೇಕು. ಅವಳು ತಿರುಗಲಿಲ್ಲ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ಏನೋ ಕೇಳಿದರು, ಅದಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿನ ರಸ್ತೆಗೆ ನೆಟ್ಟಗೆ ನಡೆದಳು. ಸೀರೆಯ ಹಸಿರು ಬಣ್ಣ ಗಿರಣಿಯ ಗೋಡೆಯ ತನಕ ಕಾಣುತ್ತಿತ್ತು. 'ಇನ್ನೇನು ತಿರುಗಿ ಬರುತ್ತಾಳೆ' ಎಂದು ನೋಡುತ್ತಾ ಹೊಸ್ತಿಲಲ್ಲೇ ನಿಂತಿದ್ದೆ. ಅವಳು ಬರಲಿಲ್ಲ. ಅವತ್ತೂ ಬರಲಿಲ್ಲ, ಆಮೇಲೂ ಈ ಊರಿಗೆ ಬರಲಿಲ್ಲ.